ಮಗ್ಗುಲಿನ ಉಸಿರು

ಪಕ್ಕದ ಮನೆಯಲ್ಲಿ ಗಸಗಸೆ ಹುರಿಯುತ್ತಿದ್ದಾರೆ. ಅವರ ಅಡುಗೆಮನೆಯ ಕಿಟಕಿಗೆ ನಮ್ಮ ಹಿತ್ತಲ ಬಾಗಿಲು ಎದುರಾಗಿರುವುದರಿಂದ ಅವರು ಏನು ಮಾಡಿದರೂ ಅದರ ಮೊದಲ ಪಾಲು ನಮ್ಮ ಮೂಗಿಗೇ ಬರುತ್ತದೆ. ಗಸಗಸೆಯ ವಾಸನೆ ಬಂದರೆ ನಿಮಗೆ ಹಬ್ಬದ ಪಾಯಸ ನೆನಪಾಗಬಹುದು. ನಾನು ಎದ್ದು ಹೋಗಿ ಬಾಗಿಲು ಮುಚ್ಚುತ್ತೇನೆ. ಕೆಲವು ವರ್ಷಗಳ ಹಿಂದೆ ಮಸ್ಕಿಯ ಅರ್ಧ ಹೆಂಗಸರು ಸೇರಿ ನನಗೆ ನಿದ್ದೆ ಬರಿಸಲು ಪಣ ತೊಟ್ಟಿದ್ದರು. ಒಬ್ಬರು ಗಸಗಸೆಯನ್ನು ಹಾಲಿನಲ್ಲಿ ಅರೆದು ಕೊಟ್ಟರೆ ಇನ್ನೊಬ್ಬರು ಬೆಲ್ಲದಲ್ಲಿ ಕುದಿಸಿ ಕೊಡುತ್ತಿದ್ದರು. ಜಾಜಿಕಾಯಿ ತೇಯ್ದು ಹಣೆಗೆ ಹಚ್ಚಿದರು. ಅಂಗಾಲಿಗೆ ಎಣ್ಣೆ ತಿಕ್ಕಿದರು. ಒಬ್ಬಾಕೆಯಂತೂ ನನ್ನ ದಿಂಬಿನ ದಿಕ್ಕನ್ನೇ ಬದಲಿಸಿ ಹೋದಳು. ಇಷ್ಟೆಲ್ಲ ಆದರೂ ಬೆಳಿಗ್ಗೆ ನನ್ನ ಕಣ್ಣು ಕೆಂಪಗೇ ಇರುತ್ತಿತ್ತು.

ನಾನು ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಆ ದಿನಗಳಲ್ಲಿ ಮಗ್ಗಿ ಹೇಳಿಕೊಡುತ್ತ ಮಧ್ಯದಲ್ಲೇ ನಿಂತುಬಿಡುತ್ತಿದ್ದೆ, ಮುಂದಿನದನ್ನು ಮಕ್ಕಳೇ ಹೇಳಿ ಮುಗಿಸುತ್ತಿದ್ದರು. ಹೊಸ ಸೀರೆಯನ್ನು ಇಸ್ತ್ರಿ ಮಾಡಲು ಹೋಗಿ ಸುಟ್ಟೆ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮರುದಿನ ಹಾಕಲೇ ಇಲ್ಲ. ಎಲ್ಲರ ಮೇಲೂ ಸಿಡುಕುತ್ತಿದ್ದೆ; ಹಾಗೆ ನೋಡಿದರೆ ಸಿಡುಕಲು ನನಗೆ ನಿದ್ದೆಗೇಡಿನ ನೆವ ಬೇಕಾಗಿರಲಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ನಿದ್ದೆ ಬಾರದ ರೋಗ ಇರಲೇ ಇಲ್ಲ. ನಿದ್ದೆ ಧಾರಾಳವಾಗಿ ಬರುತ್ತಿತ್ತು. ನಾನೇ ಅದನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದ ಗಂಡನ ಉಸಿರು ಕಾಯುತ್ತಿದ್ದೆ.

ಅವರದು ಬಜಾರದಲ್ಲಿ ಬಟ್ಟೆ ಅಂಗಡಿ. ಆಳು ದಪ್ಪ, ಕತ್ತು ಗಿಡ್ಡ, ಮಾತು ಸಿಹಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಾದಿನಿಯರು, ಇದು ನಮ್ಮ ಮನೆತನದ ಗೊರಕೆ, ರೂಢಿ ಮಾಡಿಕೊಳ್ಳಿ ಎಂದು ನಕ್ಕಿದ್ದರು. ರೂಢಿಯೂ ಆಯಿತು. ಗೊರಕೆ ನಡೆಯುವಷ್ಟು ಹೊತ್ತು ನನಗೇನೂ ತೊಂದರೆ ಇರಲಿಲ್ಲ, ತೊಂದರೆ ಅದು ನಿಂತಾಗ. ಏರುತ್ತ ಏರುತ್ತ ಹೋದದ್ದು ಒಮ್ಮೆಲೇ ಕಡಿದು ಬೀಳುತ್ತಿತ್ತು. ಎದೆ ಏಳುತ್ತಿರಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ಇಲ್ಲ. ಭುಜ ಹಿಡಿದು ಅಲುಗಿಸಿದರೆ, ನೀರಲ್ಲಿ ಮುಳುಗಿದವರು ಮೇಲೆ ಬಂದಂತೆ ಗಬಕ್ಕನೆ ಗಾಳಿ ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದರು. ಅವರಿಗೆ ಇದಾವುದೂ ಗೊತ್ತಿಲ್ಲ. ಬೆಳಿಗ್ಗೆ ಎದ್ದು, ಇವತ್ತೂ ನಿದ್ದೆ ಹತ್ತಲಿಲ್ಲವೇ ಎಂದು ನನ್ನನ್ನೇ ಕನಿಕರದಿಂದ ಕೇಳುತ್ತಿದ್ದರು.

ಹಗಲಿನಲ್ಲಿ ಅವರು ಕೂತಲ್ಲೇ ತೂಗುತ್ತಿದ್ದರು. ಗಿರಾಕಿಗೆ ಬಟ್ಟೆ ಅಳೆಯುತ್ತ ಅಳೆಯುತ್ತ ಮೀಟರ್ ಕೋಲಿನ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದ್ದೂ ಉಂಟು. ಆದರೂ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ, ಯಾಕೆಂದರೆ ಅವರು ಹೆಚ್ಚಾಗಿ ನಿದ್ದೆ ಹೋಗುತ್ತಿದ್ದದ್ದು ಲಿಂಗಪೂಜೆಯಲ್ಲಿ. ನಮ್ಮದು ಲಿಂಗ ಕಟ್ಟಿದ ಮನೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅದರ ಮೇಲೆ ದೃಷ್ಟಿ ನೆಟ್ಟು ಕೂರಬೇಕು. ಇವರು ಕೂತರೆಂದರೆ ಏಳುತ್ತಿರಲಿಲ್ಲ. ಕಣ್ಣು ತಾನಾಗಿ ಮುಚ್ಚುತ್ತಿತ್ತು, ಗದ್ದ ಎದೆಗೆ ಇಳಿಯುತ್ತಿತ್ತು, ಅಂಗೈ ಮಾತ್ರ ಅಲುಗುತ್ತಿರಲಿಲ್ಲ. ಓಣಿಯ ಹಿರಿಯರು ಬಾಗಿಲಲ್ಲೇ ನಿಂತು ನೋಡಿ, ಅಪ್ಪನ ಹಾಗೇ ಮಗ, ಲಿಂಗದಲ್ಲಿ ಲೀನವಾಗಿಬಿಡುತ್ತಾನೆ ಎಂದು ತಲೆದೂಗುತ್ತಿದ್ದರು. ಅಲ್ಲೇ ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು. ಶಿವ ಕ್ಷಮಿಸಲಿ, ಕೇಳಿಸಿದ್ದು ನಿಜ.

ಆ ಅಪ್ಪ, ಅಂದರೆ ನನ್ನ ಮಾವ, ನಾನು ಸೊಸೆಯಾಗಿ ಬರುವ ಮೊದಲೇ ಹೋಗಿದ್ದರು. ತಾಸುಗಟ್ಟಲೆ ಪೂಜೆಗೆ ಕೂರುವವರೆಂದು ಹೆಸರಾದವರು. ಒಂದು ಶ್ರಾವಣ ಸೋಮವಾರ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳಲಿಲ್ಲ. ಪುಣ್ಯವಂತ, ನಿದ್ದೆಯಲ್ಲೇ ಶಿವನ ಪಾದ ಸೇರಿದ ಎಂದು ಊರೇ ಹೇಳಿತು, ಇಂದಿಗೂ ಹೇಳುತ್ತದೆ. ವರ್ಷಕ್ಕೊಮ್ಮೆ ಅವರ ಸ್ಮರಣೆಯ ದಿನ ಮನೆಗೆ ಬಂದವರೆಲ್ಲ ಅಂಥ ಸಾವು ತಮಗೂ ಬರಲೆಂದು ಬೇಡಿಕೊಂಡು ಹೋಳಿಗೆ ಉಣ್ಣುತ್ತಾರೆ. ನಮ್ಮ ಮನೆಯವರು ಮಾವನ ವಯಸ್ಸಿಗೆ ಹತ್ತಿರವಾದ ಹಾಗೆಲ್ಲ ನನಗೆ ಆ ಪುಣ್ಯದ ಹೆದರಿಕೆ ಹತ್ತಿತು. ಹೇಳುವುದು ಹೇಗೆ? ಗಂಡ ಮಲಗಿದಲ್ಲೇ ಸಾಯುತ್ತಾನೇನೋ ಎಂಬ ಮಾತು ನಮ್ಮ ಕಡೆ ಮುತ್ತೈದೆಯ ಬಾಯಲ್ಲಿ ಬರಬಾರದು. ಅತ್ತೆಯ ಮುಂದಂತೂ ಬಾಯಿ ತೆರೆಯುವ ಧೈರ್ಯವೇ ಇರಲಿಲ್ಲ. ಹೀಗಾಗಿ ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದೆ. ಅಲ್ಲಿಂದ ನನ್ನ ಮೆರವಣಿಗೆ ಶುರುವಾಯಿತು.

ಮೊದಲು ನಮ್ಮೂರಿನ ಡಾಕ್ಟರು. ಟೀಚರಿಗೆ ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಆಮೇಲೆ ಲಿಂಗಸುಗೂರು. ಅಲ್ಲಿ ದೊಡ್ಡ ಓದಿನವರೊಬ್ಬರಿದ್ದಾರೆಂದು ಇವರೇ ವಿಚಾರಿಸಿಕೊಂಡು ಬಂದು, ಅಂಗಡಿ ಮುಚ್ಚಿ ಕರೆದುಕೊಂಡು ಹೋದರು. ಪ್ರೀತಿಗೆ ಕೊರತೆ ಇರಲಿಲ್ಲ, ಅದನ್ನು ಹೇಳಲೇಬೇಕು. ಡಾಕ್ಟರು ನನ್ನ ಮುಖ ನೋಡಿ ಕೇಳಿದರೆ ಉತ್ತರ ಇವರು ಕೊಡುತ್ತಿದ್ದರು. ಊಟ ಸೇರುತ್ತದೆಯೇ? ಸೇರುತ್ತದೆ. ಏನಾದರೂ ಚಿಂತೆ? ಏನೂ ಇಲ್ಲ, ಮನೆಯಲ್ಲಿ ರಾಣಿಯ ಹಾಗಿದ್ದಾಳೆ. ರಾಣಿ ಗೋಡೆಯ ಮೇಲಿನ ಕಿಡ್ನಿಯ ಚಿತ್ರ ನೋಡುತ್ತ, ಕಾಲು ಅಲುಗಿಸುತ್ತ ಕೂತಿದ್ದಳು. ಮೊಬೈಲ್ ನೋಡುವುದು ಬಿಡಿ ಎಂದು ಡಾಕ್ಟರು ಬುದ್ಧಿ ಹೇಳಿ ನಿದ್ದೆಯ ಗುಳಿಗೆ ಬರೆದುಕೊಟ್ಟರು. ನಾನು ಔಷಧಿ ತೆಗೆದುಕೊಂಡು ಬರುವಷ್ಟರಲ್ಲಿ ಇವರು ಹೊರಗಿನ ಬೆಂಚಿನ ಮೇಲೆ ಮಲಗಿಬಿಟ್ಟಿದ್ದರು. ಸರತಿಗೆ ಕಾಯುತ್ತಿದ್ದ ಹೆಂಗಸರು ಆ ಗೊರಕೆ ಕೇಳಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ಗುಳಿಗೆಯನ್ನು ನಾನು ಒಂದು ದಿನವೂ ನುಂಗಲಿಲ್ಲ. ನುಂಗಿ ನಾನೂ ಮಲಗಿಬಿಟ್ಟರೆ ಅವರನ್ನು ಅಲುಗಿಸುವವರು ಯಾರು? ಬಾಯಿಗೆ ಹಾಕಿಕೊಂಡಂತೆ ಮಾಡಿ ಬಚ್ಚಲಿಗೆ ಹೋಗಿ ಉಗುಳುತ್ತಿದ್ದೆ. ಗುಣವಾಗಲಿಲ್ಲವೆಂದು ಇವರು ಮತ್ತೊಬ್ಬ ಡಾಕ್ಟರನ್ನು ಹುಡುಕುತ್ತಿದ್ದರು, ಆ ಮತ್ತೊಬ್ಬರು ಇನ್ನೂ ಜೋರಾದ ಗುಳಿಗೆ ಬರೆಯುತ್ತಿದ್ದರು. ಇದರಲ್ಲಿ ಡಾಕ್ಟರರದು ಏನು ತಪ್ಪು? ಆದರೂ ಬಸ್ಸಿನಲ್ಲಿ ಬರುವಾಗ ಅವರನ್ನು ಮನಸಾರೆ ಬೈಯುತ್ತಿದ್ದೆ. ಯಾರನ್ನಾದರೂ ಬೈಯದಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಸಿಂಧನೂರಿನ ಡಾಕ್ಟರಮ್ಮನ ಬಗ್ಗೆ ಹೇಳಿದ್ದು ನಮ್ಮ ಶಾಲೆಯ ಮಂಡಲ್ ಟೀಚರು. ಆಕೆ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ಬಂಗಾಲಿ. ಅಜ್ಜ ಅಜ್ಜಿ ನಿರಾಶ್ರಿತರಾಗಿ ಬಂದು ಅಲ್ಲಿ ಭತ್ತ ಬೆಳೆದವರು; ಈಕೆ ನಮ್ಮ ಕಡೆಯ ಕನ್ನಡವನ್ನು ನನಗಿಂತ ಗಟ್ಟಿಯಾಗಿ ಮಾತಾಡುತ್ತಾಳೆ. "ಆಕಿ ಜಲ್ದಿ ಬರದು ಕೊಡಂಗಿಲ್ರೀ ಟೀಚರ, ಬರೇ ಕೇಳ್ಕೋತ ಕುಂದರ್ತಾಳ. ಅದಕ್ಕ ಮಂದಿ ಕಮ್ಮಿ ಹೋಗ್ತಾರ," ಎಂದಳು. ಬರೆಯದೆ ಬರೀ ಕೇಳುವ ಡಾಕ್ಟರೆಂದರೆ ನಮ್ಮವರಿಗೆ ಅಷ್ಟು ಹಿಡಿಸಲಿಲ್ಲ. ಇದೊಂದು ಆಗಿಹೋಗಲಿ ಎಂದು ಹೊರಟರು.

ಮಸ್ಕಿಯಿಂದ ಸಿಂಧನೂರಿನ ದಾರಿಯಲ್ಲಿ ನೀವು ಹೋಗಿದ್ದರೆ ಗೊತ್ತಿರುತ್ತದೆ. ಮೊದಲು ಒಣ ನೆಲ, ಜಾಲಿ, ಬಿಸಿಗಾಳಿ. ಗೊರೇಬಾಳ ಹತ್ತಿರ ಬರುವಾಗ ಕಾಲುವೆ ನೀರಿನ ಗದ್ದೆಗಳು ಎರಡೂ ಕಡೆ ಹಬ್ಬಿ, ಕಿಟಕಿಯಿಂದ ತಂಪು ಗಾಳಿ ಬಂದು, ಬಸ್ಸಿಗೆ ಬಸ್ಸೇ ತೂಕಡಿಸತೊಡಗುತ್ತದೆ. ಇವರ ಭಾರದ ತಲೆ ನನ್ನ ಹೆಗಲ ಮೇಲೆ. ಬಸ್ಸಿನ ಸದ್ದಿನಲ್ಲಿ ಉಸಿರು ಕೇಳಿಸದೆ ನಾನು ಮತ್ತೆ ಮತ್ತೆ ಬಗ್ಗಿ ಅವರ ಎದೆ ನೋಡುತ್ತಿದ್ದೆ. ಎದುರು ಸೀಟಿನ ಮುದುಕಿ ನಮ್ಮಿಬ್ಬರ ಅನ್ಯೋನ್ಯತೆಗೆ ಮೆಚ್ಚಿ ನಗೆ ಬೀರಿದಳು. ಮುದುಕಿಯನ್ನೂ ಬೈಯಬೇಕೆನಿಸಿತು.

ಡಾಕ್ಟರಮ್ಮ ಸಣ್ಣ ಆಳು, ದೊಡ್ಡ ಕನ್ನಡಕ. ಇವರು ಎಂದಿನಂತೆ ನನ್ನ ಪುರಾಣವನ್ನು ಗಸಗಸೆಯಿಂದ ಹಿಡಿದು ಲಿಂಗಸುಗೂರಿನ ತನಕ ಹೇಳಿ ಮುಗಿಸಿದರು. ಆಕೆ ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿದ್ದಿ ಬರಂಗಿಲ್ಲ, ಸರಿ. ಎಚ್ಚರ ಇದ್ದು ಏನು ಮಾಡ್ತೀರಿ?"

ಇವರು ಉತ್ತರಿಸಲು ಬಾಯಿ ತೆರೆದು ನನ್ನ ಕಡೆ ತಿರುಗಿದರು. ಇಷ್ಟು ಊರು ಸುತ್ತಿದರೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ನಾನು ಬಳೆ ತಿರುಗಿಸುತ್ತ ಕೂತೆ. ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ.

"ಇವರ ಉಸುರು ಕೇಳ್ತೀನ್ರೀ," ಎಂದೆ. "ನಿಂತ್ರ ಅಲಗಸ್ತೀನಿ."

ಹೇಳಿದ್ದೇ ತಡ, ಅಳು ಒತ್ತಿಕೊಂಡು ಬಂತು. ಇವರು ನಾನು ತಮಾಷೆ ಮಾಡುತ್ತಿದ್ದೇನೆಂದು ನಗಲು ಹೋಗಿ, ಡಾಕ್ಟರಮ್ಮ ನಗದಿದ್ದದ್ದನ್ನು ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಕೆ ಅವರನ್ನು ಹತ್ತಿರ ಕರೆದು ಕತ್ತು ನೋಡಿದಳು, ಗಂಟಲು ನೋಡಿದಳು, ರಕ್ತದೊತ್ತಡ ನೋಡಿದಳು. ಮನೆಯಲ್ಲಿ ಇನ್ನಾರಿಗಾದರೂ ಹೀಗಿತ್ತೇ ಎಂದು ನನ್ನನ್ನೇ ಕೇಳಿದಳು. ಮಲಗಿದಾಗ ಗಂಟಲು ಸಡಿಲವಾಗಿ ಗಾಳಿಯ ದಾರಿ ಮುಚ್ಚುತ್ತದೆ, ಉಸಿರು ಕಟ್ಟಿದಾಗಲೆಲ್ಲ ಮೈ ಗಾಬರಿಯಾಗಿ ಏಳುತ್ತದೆ, ಹೀಗಾಗಿ ಇಡೀ ರಾತ್ರಿ ಮಲಗಿದರೂ ನಿದ್ದೆಯಾಗುವುದಿಲ್ಲ, ಇದನ್ನು ಬಿಟ್ಟರೆ ಹೃದಯಕ್ಕೆ ಕಷ್ಟ ಎಂದು ಬಿಡಿಸಿ ಹೇಳಿದಳು. ಒಂದು ರಾತ್ರಿ ಮೈಗೆ ತಂತಿ ಹಚ್ಚಿ ಮಲಗಿಸಿ ನೋಡುವ ಪರೀಕ್ಷೆ ದೊಡ್ಡ ಊರಿನಲ್ಲಿದೆ, ಅನುಮಾನ ನಿಜವಾದರೆ ಮಲಗುವಾಗ ಮುಖಕ್ಕೆ ಕಟ್ಟಿಕೊಂಡು ಗಾಳಿ ತೆಗೆದುಕೊಳ್ಳುವ ಯಂತ್ರವಿದೆ ಎಂದಳು. ನನಗೆ ಮಾತ್ರ ಏನೂ ಬರೆಯಲಿಲ್ಲ.

ಬರುವಾಗ ಬಸ್ಸಿನಲ್ಲಿ ಇವರು ನಿದ್ದೆ ಮಾಡಲಿಲ್ಲ. ಮನೆ ತಲುಪಿ ಚಪ್ಪಲಿ ಬಿಡುತ್ತಲೇ, ತಾವು ಎಲ್ಲಿಗೂ ಹೋಗುವುದಿಲ್ಲ, ಯಾವ ಯಂತ್ರವನ್ನೂ ಕಟ್ಟಿಕೊಳ್ಳುವುದಿಲ್ಲ ಎಂದರು. ನಾನು ಬೇಡಿದೆ, ಜಗಳ ತೆಗೆದೆ. ಇನ್ನು ನನಗೆ ಕಾಯುವುದು ಆಗುವುದಿಲ್ಲ, ಮೈಯಲ್ಲಿ ಶಕ್ತಿ ಉಳಿದಿಲ್ಲ ಎಂದೂ ಹೇಳಿದೆ. ಅಷ್ಟಕ್ಕೇ ಅವರು ದನಿ ಏರಿಸಿದರು.

"ನಮ್ಮಪ್ಪ ಹಿಂಗೇ ಮಲಗ್ತಿದ್ದ, ಹಿಂಗೇ ಪೂಜಾಕ್ಕ ಕುಂದರ್ತಿದ್ದ. ಹಂಗಾರ ಆತಂದೂ ರೋಗ ಅಂತೀಯೇನು?"

ಆಗ ನನಗೆ ಅರ್ಥವಾಯಿತು. ಅವರು ಹೆದರಿದ್ದು ಯಂತ್ರಕ್ಕಲ್ಲ. ತಮ್ಮದು ರೋಗ ಎಂದು ಒಪ್ಪಿದರೆ ಅಪ್ಪನ ಪೂಜೆ ಏನಾಯಿತು, ಅಪ್ಪನ ಸಾವು ಏನಾಯಿತು, ಊರೇ ಕೈಮುಗಿದ ಆ ಪುಣ್ಯ ಎಲ್ಲಿ ಹೋಯಿತು?

ನಮ್ಮ ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದರು. ಮಾತು ಕಡಿಮೆ ಇರುವ ಹೆಂಗಸು. ಎಲೆ ಬಿಡಿಸುವುದನ್ನು ನಿಲ್ಲಿಸದೆ ಹೇಳಿದರು: "ನಿಮ್ಮಪ್ಪನ ಮಗ್ಗಲಕ್ಕ ನಾನೂ ಹಿಂಗೇ ಎಚ್ಚರ ಇರ್ತಿದ್ದೆ. ಉಸುರು ನಿಂತ್ರ ಚೂಟ್ತಿದ್ದೆ. ಆ ಸೋಮವಾರ ಜಂಗಮರ ಊಟ ಇತ್ತು, ಹಗಲೆಲ್ಲ ಒಲಿ ಮುಂದ ಕುಂತು ಮೈ ಸೋತಿತ್ತು." ಕೈ ನಿಂತಿತು. "ನನಗ ನಿದ್ದಿ ಹತ್ತಿತು."

ಇವರು ತಾಯಿಯ ಕಡೆ ತಿರುಗಿದರು. "ಮಂದಿ ಪುಣ್ಯವಂತ ಅಂದ್ರು. ನಾ ಏನಂತ ಹೇಳ್ಲಿ? ಸುಮ್ಮನಿದ್ದೆ," ಎಂದು ಮತ್ತೆ ಎಲೆ ಬಿಡಿಸತೊಡಗಿದರು. ಇವರು ಹೋಗಿ ತಾಯಿಯ ಪಕ್ಕದಲ್ಲಿ ಕೂತರು. ಒಂದು ಹಿಡಿ ಪುಂಡಿಪಲ್ಯ ಎತ್ತಿಕೊಂಡು ತಾವೂ ಎಲೆ ಬಿಡಿಸಿದರು. ದಂಟು ಸಮೇತ ಬಿಡಿಸಿದರು, ಅತ್ತೆ ದಂಟನ್ನು ಆರಿಸಿ ತೆಗೆದರು. ಮರುದಿನ ಬೆಳಿಗ್ಗೆ ಪರೀಕ್ಷೆಗೆ ಯಾವಾಗ ಹೋಗೋಣ ಎಂದು ಅವರೇ ಕೇಳಿದರು.

ಯಂತ್ರ ಬಂತು. ಮೊದಮೊದಲು ಅದನ್ನು ಕಟ್ಟಿಕೊಂಡು ಕನ್ನಡಿ ನೋಡಿ, ಸೊಂಡಿಲೊಂದು ಬಂತು ನೋಡು ಎಂದು ನಗುತ್ತಿದ್ದರು. ಎರಡು ದಿನ ಕಿತ್ತೆಸೆದದ್ದೂ ಆಯಿತು. ನಿಧಾನವಾಗಿ ಒಗ್ಗಿತು. ಮುಖದ ಊತ ಇಳಿಯಿತು, ಮೀಟರ್ ಕೋಲು ಅಳೆಯುವುದಕ್ಕಷ್ಟೇ ಬಳಕೆಯಾಗತೊಡಗಿತು. ಪೂಜೆಯನ್ನು ಕಣ್ಣು ತೆರೆದು ಮಾಡಿ ಹೊತ್ತಿಗೆ ಸರಿಯಾಗಿ ಎದ್ದುಬಿಡುತ್ತಾರೆ. ಇತ್ತೀಚೆಗೆ ಇವನಿಗೆ ಭಕ್ತಿ ಕಡಿಮೆಯಾಗಿದೆ, ಅಪ್ಪನ ಹಾಗಲ್ಲ ಎಂದು ಓಣಿಯ ಹಿರಿಯರು ನೊಂದುಕೊಂಡಿದ್ದಾರೆ. ಮಾವನ ಸ್ಮರಣೆಯ ದಿನ ಜನ ಈಗಲೂ ಪುಣ್ಯವಂತನೆನ್ನುತ್ತಾರೆ. ಆ ಮಾತು ಬಂದಾಗ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ನಾನೂ ಹಿಂದೆ ಹೋಗಿ ಅವರ ಹತ್ತಿರ ನಿಲ್ಲುತ್ತೇನೆ.

ಆದರೆ ನನ್ನ ಕಿವಿ ನನ್ನ ಮಾತು ಕೇಳಲಿಲ್ಲ. ಗೊರಕೆ ಇಲ್ಲದ ಕೋಣೆಯಲ್ಲಿ ನನಗೆ ಇನ್ನೂ ಹೆಚ್ಚು ಗಾಬರಿಯಾಗುತ್ತಿತ್ತು. ಯಂತ್ರ ನೆಚ್ಚಿ ಹೇಗೆ ಮಲಗುವುದು, ಕರೆಂಟು ಹೋದರೆ? ಆ ಗುಳಿಗೆಗಳನ್ನು ಉಗುಳಬಾರದಿತ್ತು ಎಂದುಕೊಂಡದ್ದೂ ಇದೆ. ಕಾಯುವ ರೂಢಿ ಮೈಯಿಂದ ಇಳಿಯಲು ಇಷ್ಟು ಕಾಲ ಹಿಡಿಯುತ್ತದೆಂದು ಡಾಕ್ಟರಮ್ಮನೂ ಹೇಳಿರಲಿಲ್ಲ.

ಮೊನ್ನೆ ಭಾನುವಾರ ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಹಾಸಿಗೆ ಖಾಲಿ. ಗಡಬಡಿಸಿ ಎದ್ದು ಕೂತೆ. ಆಗ ಹೊರಗಿನಿಂದ ಇವರ ದನಿ ಕೇಳಿಸಿತು. ಹಾಲು ಬಂದಿದೆ, ಕಾಯಿಸಬೇಕು, ಆಕೆಯನ್ನು ಎಬ್ಬಿಸಲೇ ಎಂದು ತಾಯಿಯನ್ನು ಕೇಳುತ್ತಿದ್ದರು.

"ಎಬ್ಬಸಬ್ಯಾಡ, ಮಲಗಲಿ," ಎಂದರು ಅತ್ತೆ. "ನಾ ಎಚ್ಚರ ಅದೀನಲ್ಲ."

ನಾನು ಮಗ್ಗುಲು ಬದಲಿಸಿ ಮತ್ತೆ ಮಲಗಿದೆ.