ಮೂರು ಪ್ರಶ್ನೆ, ಎರಡು ನೀಲಿ ಬಾಗಿಲು

ಮೊನ್ನೆ ಶನಿವಾರ ನಾನು ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ. ಹಲ್ಲುನೋವಲ್ಲ. ಪ್ರಶ್ನೆ.

ನಮ್ಮ ಮನೆಯಲ್ಲಿ ನನಗೆ ವಾರಕ್ಕೆ ಮೂರೇ ಪ್ರಶ್ನೆ. ಈ ರೇಷನ್ ಇಟ್ಟವಳು ಮೊಮ್ಮಗಳು ಸಿಂಚನಾ, ಒಂಬತ್ತನೇ ಕ್ಲಾಸು. ಶನಿವಾರ ಸಂಜೆ ನಾಲ್ಕಕ್ಕೆ ಕೇಬಲ್‌ನಲ್ಲಿ ಒಂದು ಇಂಗ್ಲಿಷ್ ಸೀರಿಯಲ್ ಬರುತ್ತದೆ. ಅವಳು ಅದನ್ನು ನೋಡುತ್ತಾಳೆ, ನಾನು ಅವಳನ್ನು ನೋಡುತ್ತೇನೆ. (ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಹೇಗೆ ತಿಳಿಯುತ್ತದೆ ಅನ್ನಬೇಡಿ. ಅವಳು ಹೇಳುತ್ತಾಳೆ, ನನಗೆ ತಿಳಿಯುತ್ತದೆ.) "ಇವನ್ಯಾರು, ಅವಳ್ಯಾರು" ಅಂತ ನಾನು ಜೀವ ತಿಂದದ್ದಕ್ಕೆ ಹೋದ ತಿಂಗಳು ಕಾನೂನು ಬಂತು.

"ಒಂದ್ ಎಪಿಸೋಡ್‌ಗೆ ಮೂರೇ ಪ್ರಶ್ನೆ ಕಣಜ್ಜಿ. ನಾಲ್ಕನೇದು ಕೇಳಿದ್ರೆ ವಿಜಯನಗರದ ಫ್ರೆಂಡ್ ಮನೇಗೋಗಿ ನೋಡ್ಕೋತೀನಿ."

ಹೋದರೆ ಹೋಗಲಿ ಅನ್ನಲಾಗುತ್ತದೆಯೇ? ವಾರವೆಲ್ಲ ಸ್ಕೂಲು, ಟ್ಯೂಷನ್ನು. ಹುಡುಗಿ ನನ್ನ ಪಕ್ಕ ಅಂಟಿಕೊಂಡು ಕೂರುವುದು ಆ ಒಂದು ಗಂಟೆ ಮಾತ್ರ.

ಸೀರಿಯಲ್ಲಿನ ಕಥೆ ಇಷ್ಟು. ಬಿಳಿ ಗಡ್ಡದ ಒಬ್ಬ ವಿಜ್ಞಾನಿ. ನಮ್ಮ ಲೋಕದಂಥದೇ ಇನ್ನೊಂದು ಲೋಕವಿದೆ, ಅಲ್ಲೂ ಇದೇ ಜನ ಇದ್ದಾರೆ ಅಂತ ಕಂಡುಹಿಡಿದು ಅಲ್ಲಿಗೂ ಇಲ್ಲಿಗೂ ಓಡಾಡುತ್ತಿರುತ್ತಾನೆ. ಯಾರು ಯಾವ ಲೋಕದವರು? ನಾನೊಂದು ಗುರುತು ಇಟ್ಟುಕೊಂಡಿದ್ದೆ. ಈ ಲೋಕದವರಿಗೆ ಎಡಗೈಲಿ ವಾಚು, ಆ ಲೋಕದವರಿಗೆ ಬಲಗೈಲಿ.

ಮೊನ್ನೆ ಟೀವಿ ಹಾಕಿದರೆ ಗಡ್ಡವಿಲ್ಲದ ಹುಡುಗನೊಬ್ಬ. ಯಾವ ಕೈಯಲ್ಲೂ ವಾಚಿಲ್ಲ.

"ಇವನ್ಯಾರೇ?" ಒಂದು.

"ಅವನೇ ಕಣಜ್ಜಿ. ಫ್ಲ್ಯಾಶ್‌ಬ್ಯಾಕು. ನಲವತ್ತು ವರ್ಷದ ಹಿಂದಿಂದು."

"ಯಾವ ಲೋಕದ ನಲವತ್ತು ವರ್ಷ?" ಎರಡು.

"ಆಗ ಇದ್ದಿದ್ದೇ ಒಂದ್ ಲೋಕ. ಅದು ಹೆಂಗೆ ಎರಡಾಯ್ತು ಅಂತಾನೇ ಈ ಎಪಿಸೋಡು."

"ಮತ್ತೆ ವಾಚೆಲ್ಲೋಯ್ತು?" ಮೂರು.

"ಆಗಿನ್ನೂ ತಗೊಂಡಿರ್ಲಿಲ್ಲ. ಮುಗೀತು ನಿನ್ ಕೋಟಾ."

ಐದು ನಿಮಿಷವೂ ಆಗಿರಲಿಲ್ಲ. ಸೆರಗು ಬಾಯಿಗೆ ಹೋದದ್ದು ಆಗಲೇ.

ಆ ಹುಡುಗ ರೈಲ್ವೆ ಸ್ಟೇಷನ್ನಿಗೆ ಒಂದು ಹುಡುಗಿಯನ್ನು ನೋಡಲು ಹೋದ. ತಪ್ಪು ಪ್ಲಾಟ್‌ಫಾರಂ ಹತ್ತಿದ. ಅಲ್ಲಿ ಬೇರೆ ಹುಡುಗಿ ಸಿಕ್ಕಿಬಿಟ್ಟಳು. ಆ ಗಳಿಗೆಯಲ್ಲೇ ಲೋಕ ಎರಡು ಹೋಳಾಯಿತಂತೆ. ಒಂದರಲ್ಲಿ ತಪ್ಪು ಹುಡುಗಿ, ಇನ್ನೊಂದರಲ್ಲಿ ಸರಿ ಹುಡುಗಿ.

ನಾನು ಸೆರಗು ತೆಗೆದೆ. "ಇದೇನ್ ಮಹಾ ಬುಡು. ನಿಮ್ ತಾತನೂ ತಪ್ ಮನೇಗ್ ಬಂದೋರೇ."

(ಗಮನಿಸಿ, ಇದು ಪ್ರಶ್ನೆಯಲ್ಲ.)

ಸಿಂಚನಾ ಟೀವಿಯ ಸದ್ದು ಅಡಗಿಸಿದಳು. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಅದನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಹೇಳಿದೆ. ಕುಂಬಾರಕೊಪ್ಪಲಿನಲ್ಲಿ ನನ್ನ ತವರುಮನೆ. ಪಕ್ಕದ ಮನೆ ಸರಸಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸರಸಳ ಅಪ್ಪ ತಮ್ಮ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿ, ಡಬ್ಬದ ತಳದಲ್ಲಿ ಉಳಿದದ್ದನ್ನು ನಮ್ಮಪ್ಪನಿಗೆ ಕೊಟ್ಟರು. ಬಿಟ್ಟಿ ಬಣ್ಣ, ನಮ್ಮಪ್ಪ ಬಿಡುತ್ತಾರಾ? ನಮ್ಮ ಬಾಗಿಲೂ ನೀಲಿಯಾಯಿತು. ಇದು ತಿಳಿಯದ ಮದುವೆ ದಲ್ಲಾಳಿ ಗಂಡಿನವರಿಗೆ "ಆ ಬೀದೀಲಿ ನೀಲಿ ಬಾಗಿಲು ಒಂದೇ" ಅಂದುಬಿಟ್ಟಿದ್ದ. ಬೀದಿಯಲ್ಲಿ ಮೊದಲು ಸಿಗುವುದು ನಮ್ಮ ಮನೆ.

ನಾಲ್ಕು ಜನ ಬಂದರು. ಬಂದವರು ಕಾಲು ತೊಳೆದು ಬೆಲ್ಲ, ನೀರು ತೆಗೆದುಕೊಳ್ಳುವ ಮೊದಲು "ಏನು ಬಂದಿರಿ" ಅಂತ ಕೇಳುವವರು ಆಗ ಮನುಷ್ಯರೇ ಅಲ್ಲ. ಅವ್ವ ಅವರನ್ನು ಅಪ್ಪನ ಕಡೆಯ ನೆಂಟರು ಅಂದುಕೊಂಡಳು. ಅಪ್ಪ ಅವ್ವನ ಕಡೆಯವರು ಅಂದುಕೊಂಡರು. ನಾನು ಮೊಣಕೈವರೆಗೂ ರಾಗಿಹಿಟ್ಟು ಮೆತ್ತಿಕೊಂಡೇ ಬೆಲ್ಲದ ತಟ್ಟೆ ಹಿಡಿದು ಬಂದೆ.

"ಅಡುಗೆ ಬತ್ತದಾ ಮಗ?" ಅಂದರು ಹಿರಿಯರು.

"ಮುದ್ದೆ ಬತ್ತದೆ," ಅಂದೆ.

ದಲ್ಲಾಳಿ ಏದುಸಿರು ಬಿಡುತ್ತಾ ಓಡಿ ಬರುವ ಹೊತ್ತಿಗೆ ಹುಡುಗ ಅವರಪ್ಪನ ಕಿವಿಯಲ್ಲಿ ಒಪ್ಪಿಗೆ ಹೇಳಿ ಆಗಿತ್ತು. ಸರಸಳ ಮನೆಯ ಕೇಸರಿಭಾತನ್ನು ಅವರೇ ತಿಂದುಕೊಂಡರು. (ಅವಳಿಗೂ ಆರು ತಿಂಗಳಲ್ಲಿ ಒಳ್ಳೆಯ ಕಡೆಯೇ ಆಯಿತು. ಈಗಲೂ ಸಿಕ್ಕಾಗ "ಬಣ್ಣ ನಮ್ದು, ಗಂಡ ನಿಂದು" ಅನ್ನುತ್ತಾಳೆ.)

ಸಿಂಚನಾ ಶುರು ಮಾಡಿದಳು. ಬಣ್ಣ ಉಳೀದೇ ಇದ್ದಿದ್ರೆ? ದಲ್ಲಾಳಿ ಮೊದ್ಲೇ ಬಂದಿದ್ರೆ? ಅಪ್ಪ ಯಾರ ಮಗ ಆಗ್ತಿದ್ರು? ನನ್ ಮೂಗು ಯಾರ್ ಥರ ಇರ್ತಿತ್ತು? ಎಣಿಸುತ್ತಾ ಹೋದೆ. ಹನ್ನೊಂದಕ್ಕೆ ಬಿಟ್ಟೆ. ಟೀವಿಯಲ್ಲಿ ಲೋಕ ಎರಡಾಗಿ, ಸದ್ದಿಲ್ಲದೆ ಹೆಸರುಗಳು ಬಂದು ಎಪಿಸೋಡೇ ಮುಗಿಯಿತು. ಅವಳು ಆ ಕಡೆ ತಿರುಗಲಿಲ್ಲ. ನನಗಾದ ಖುಷಿಯನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳಿ.

"ತಾತ, ತಪ್ ಮನೆ ಅಂತ ನಿಮ್ಗೆ ಗೊತ್ತಾಗ್ಲೇ ಇಲ್ವಾ?"

ಪೇಪರಿನ ಹಿಂದಿನಿಂದ ಮಾತು ಬಂತು. "ಗೊತ್ತಾಯ್ತು ಕಣಮ್ಮ. ಪಕ್ಕದ್ ಬಾಗಿಲೂ ನೀಲಿ ಇದ್ದಿದ್ದು ಬರೋವಾಗ್ಲೇ ಕಂಡಿತ್ತು."

"ಮತ್ತೆ ಯಾಕ್ ಹೇಳ್ಳಿಲ್ಲ?"

"ಬೆಲ್ಲ ತಿಂದಾಗಿತ್ತು."

ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಈ ಮಾತನ್ನು ಈ ಮನುಷ್ಯ ನನಗೆ ಒಂದು ದಿನವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಅವತ್ತು ರಾಗಿಹಿಟ್ಟು ಮೆತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಮೊನ್ನೆ ಮುಖವನ್ನೇ ಮುಚ್ಚಿಕೊಂಡೆ.

ಸಿಂಚನಾ ನಕ್ಕು ನಕ್ಕು ನನ್ನ ತೊಡೆಯ ಮೇಲೆ ಒರಗಿದಳು. "ಮುಂದಿನ್ ವಾರದಿಂದ ನಿಂಗೆ ನಾಲ್ಕ್ ಪ್ರಶ್ನೆ ಅಜ್ಜಿ."

ಆ ಇನ್ನೊಂದು ಲೋಕದಲ್ಲಿ ನನ್ನ ಜಾಗದಲ್ಲಿ ಕೂತಿರುವ ಸರಸಳಿಗೆ ಎಷ್ಟು ಪ್ರಶ್ನೆ ಸ್ಯಾಂಕ್ಷನ್ ಆಗಿದೆಯೋ, ಯಾರಾದರೂ ಹೋಗಿ ನೋಡಿ ಬಂದು ಹೇಳುತ್ತೀರಾ?