ಮನೆಗೆ ಬೇರೆ ಬ್ರೆಡ್ಡು

ಬೇಕರಿ ಕಾಕಾನ ಮುಂಗೈಗಳಲ್ಲಿ ಒಂದು ಕೂದಲೂ ಇರಲಿಲ್ಲ. ಭಟ್ಟಿಯ ಝಳಕ್ಕೆ ಎಲ್ಲ ಸುಟ್ಟು, ಮೊಣಕೈವರೆಗೂ ಚರ್ಮ ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಆ ಕೈಯಿಂದಲೇ ಬ್ರೆಡ್ಡನ್ನು ಒಮ್ಮೆ ಅದುಮಿ, ಅದು ಮತ್ತೆ ಉಬ್ಬಿ ಬರುವುದನ್ನು ತೋರಿಸಿ, "ನೋಡವ್ವಾ, ಹತ್ತಿ ಐತಿ, ಹತ್ತಿ!" ಎಂದು ನಗುತ್ತಿದ್ದ.

ಹುಮನಾಬಾದ್ ಕಡೆಯವನು. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ. ಗಿರಾಕಿಗಳ ಜೊತೆ ತೆಲುಗು, ಮೈದಾ ಇಳಿಸುವವರ ಜೊತೆ ಹಿಂದಿ. ರೈಲ್ವೆ ಕ್ವಾರ್ಟರ್ಸಿನ ನಮ್ಮನ್ನು ಕಂಡರೆ ಮಾತ್ರ ಬಾಯಿತುಂಬ ಕನ್ನಡ. ನಮ್ಮವನು ಎಂಬ ಒಂದೇ ಕಾರಣಕ್ಕೆ ನಾನು ಬೇರೆ ಬೇಕರಿಯ ಕಡೆ ತಲೆ ಹಾಕಿದವಳಲ್ಲ.

ನನಗೆ ಹೆರಿಗೆ ನೋವು ಕಾಣಿಸಿಕೊಂಡ ದಿನ ನಮ್ಮ ಯಜಮಾನರು ಡ್ಯೂಟಿ ಮೇಲೆ ಊರಾಚೆ ಇದ್ದರು. ಕಾಕಾ ಭಟ್ಟಿಯಲ್ಲಿದ್ದ ಬನ್ನುಗಳನ್ನು ಹಾಗೇ ಬಿಟ್ಟು, ಬ್ರೆಡ್ಡು ಸಾಗಿಸುವ ಆಟೋದಲ್ಲಿ ನನ್ನನ್ನೂ ಬಾಣಂತನಕ್ಕೆಂದು ಬಂದಿದ್ದ ನನ್ನವ್ವನನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಬನ್ನೆಲ್ಲ ಕರಕಲಾದವಂತೆ. "ಬನ್ನು ನಾಳೆ ಮಾಡಿದ್ರಾತು ಬಿಡ್ರಿ" ಅಂದನಂತೆ ಅವ್ವನಿಗೆ. ಆಮೇಲೆ ಬಾಣಂತನ ಮುಗಿಯುವವರೆಗೂ ಬಿಸಿ ಬ್ರೆಡ್ಡು ತಾನೇ ತಂದು ಬಾಗಿಲಲ್ಲಿ ಕೊಟ್ಟ. "ಹಾಲಾಗ ಅದ್ದಿ ತಿನ್ನವ್ವಾ, ಕೂಸಿಗೂ ಶಕ್ತಿ ಬರತೈತಿ." ಹಲ್ಲು ಬಂದಾಗ ನನ್ನ ಮಗಳು ಮೊದಲು ಕಚ್ಚಿದ್ದೂ ಅದೇ ಬ್ರೆಡ್ಡಿನ ಅಂಚನ್ನು.

ಮಗಳು ಶಾಲೆಗೆ ಹೋಗುವಷ್ಟಾದಾಗ ಕಾಕಾನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಅವಳ ಕೂಸು ಹುಟ್ಟಿದ ವಾರದಲ್ಲಿ ಅಂಗಡಿಗೆ ಹೋದರೆ, ಮೂಲೆಯಲ್ಲಿ ಒಂದು ಗಿಡ್ಡ, ಹಳದಿ ಬಣ್ಣದ ಬ್ರೆಡ್ಡು ಕಂಡಿತು. ಏನೋ ಹೊಸದೆಂದು ಕೈಹಾಕಿದೆ. ಕಾಕಾ ಗಬಕ್ಕನೆ ಎಳೆದುಕೊಂಡ.

"ಅದು ಬ್ಯಾಡವ್ವಾ, ಮನೀದು. ಬಾಣಂತಿಗೆ ಮಾಡೀನಿ, ಪುಡಿ ಹಾಕಿಲ್ಲ."

"ಯಾವ ಪುಡಿ ಕಾಕಾ?"

ಅವನು ಬ್ರೆಡ್ಡನ್ನು ಬೆನ್ನ ಹಿಂದಕ್ಕೆ ಸರಿಸಿದ. ಒತ್ತಿ ಕೇಳಿದ ಮೇಲೆ, "ಬ್ರೋಮೇಟ್" ಎಂದ. ಪೇಪರಿನಲ್ಲಿ ಓದಿದ್ದೆ: ಬ್ರೆಡ್ಡು ಉಬ್ಬಲಿ, ಬೆಳ್ಳಗಾಗಲಿ ಎಂದು ಹಾಕುವುದು, ಕ್ಯಾನ್ಸರ್ ತರಬಹುದೆಂದು ಸರ್ಕಾರವೇ ಬಂದ್ ಮಾಡಿಸಿದ್ದು.

"ನಾನೂ ಬಾಣಂತಿನೇ ಇದ್ನಲ್ಲ ಕಾಕಾ?"

ಅವನು ನೆಲ ನೋಡಿದ. "ಎಲ್ಲಾರೂ ಹಾಕ್ತಾರವ್ವಾ. ಗಿಡ್ಡ ಬ್ರೆಡ್ಡು ಯಾರು ಒಯ್ತಾರ? ಹತ್ತಿ ಹಂಗಿದ್ರನ ನೀವೂ ಒಯ್ಯೋದು."

ಎಲ್ಲರೂ ಹಾಕುತ್ತಾರಂತೆ! ಆ ಎಲ್ಲರೂ ನನ್ನನ್ನು ಅವ್ವಾ ಅನ್ನುತ್ತಿರಲಿಲ್ಲ, ಬಾಗಿಲಿಗೆ ಬಂದು ಕೂಸಿನ ಶಕ್ತಿಯ ಮಾತಾಡುತ್ತಿರಲಿಲ್ಲ. ಪುಡಿ ಹಾಕದೆ ಮಾಡಲು ಇವನಿಗೆ ಬರುತ್ತಿತ್ತಲ್ಲ! ಬ್ರೆಡ್ಡು ಕೊಳ್ಳದೆ ತಿರುಗಿ ಬಂದೆ. ಅವತ್ತಿನಿಂದ ಅವನ ಅಂಗಡಿ ಮೆಟ್ಟಿಲು ತುಳಿಯಲಿಲ್ಲ. ದಾರಿಯಲ್ಲಿ "ಅವ್ವಾ" ಎಂದು ಕರೆದರೂ ತಿರುಗಲಿಲ್ಲ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಮನಸ್ಸು ತಡೆಯದೆ ಹೋದೆ. ಹೊದಿಕೆಯ ಹೊರಗಿದ್ದ ಆ ನುಣುಪು ಕೈ ನೋಡಿ ಅಳು ಬಂತು. ಸಿಟ್ಟು ಆಗಲೂ ಇಳಿದಿರಲಿಲ್ಲ.

ಮಗಳು ಹೊಟ್ಟೆನೋವು ಅಂದರೆ ಸಾಕು, ಈಗಲೂ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡುತ್ತೇನೆ. ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ. ಇಲ್ಲದಿರಬಹುದು, ಯಾರಿಗೆ ಗೊತ್ತು? ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ನಮ್ಮಿಬ್ಬರನ್ನೂ ಮೊದಲ ಸಲ ಅಲ್ಲಿಗೆ ಮುಟ್ಟಿಸಿದವನು ನೆನಪಾಗುತ್ತಾನೆ. ಅವನಿಗೆ ಕೈಮುಗಿಯಬೇಕೋ ಶಾಪ ಹಾಕಬೇಕೋ ತಿಳಿಯದೆ ಮಗಳ ಹೊಟ್ಟೆ ಸವರುತ್ತ ಕೂತಿರುತ್ತೇನೆ.