ಸ್ಟಿಯರಿಂಗ್ ಮೇಲಿಂದ ಏಳುವ ಒಂದು ಬೆರಳು

ಈಕೆಯ ಬಗ್ಗೆ ಬರೆಯುವುದು ಸರಿಯೇ ಎಂಬ ಅಳುಕು ಇನ್ನೂ ಹೋಗಿಲ್ಲ. ಯಾರ ಕಣ್ಣಿಗೂ ಬೀಳದಂತೆ ನಡೆಯಬೇಕಾದ ಕೆಲಸವನ್ನು ಪತ್ರಿಕೆಯ ಪುಟಕ್ಕೆ ಎಳೆದು ತರುವುದು ತಪ್ಪೆನಿಸಿದರೆ ಓದುಗರು ಮನ್ನಿಸಬೇಕು. ಹೆಸರುಗಳನ್ನು ಬದಲಿಸಲಾಗಿದೆ, ಊರಿನ ಹೆಸರು ಹೇಳಿಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದದ್ದಾಗಿದೆ.

ಜನವರಿಯ ಬೆಳಗ್ಗೆ ಎಂಟು ಗಂಟೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಈ ಪುಟ್ಟ ಪೇಟೆಯಲ್ಲಿ ಕತ್ತಲು ಈಗಷ್ಟೇ ತೆಳುವಾಗುತ್ತಿದೆ. ಡಿಂಪ್ನಾ ಹೆನೆಗನ್ ಕ್ಲಿನಿಕ್ಕಿನ ಬೀಗ ತೆಗೆದು, ಹೀಟರ್ ಹಾಕಿ, ಹನ್ನೊಂದು ಕುರ್ಚಿಗಳನ್ನು ಒರೆಸುತ್ತಾರೆ. ಕೋಟು ಬಿಚ್ಚುವ ಮೊದಲೇ ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಬರೀ ಉಸಿರು. ಡಿಂಪ್ನಾ ಅವಸರಪಡುವುದಿಲ್ಲ.

“ಹೇಳಲೇಬೇಕು ಅಂತೇನಿಲ್ಲಮ್ಮಾ. ಸಹಾಯವಾಣಿಯವರು ಈ ನಂಬರ್ ಕೊಟ್ರಾ? ಹೂಂ ಅಂದ್ರೆ ಸಾಕು. ಕೊನೇ ಸಲ ಮುಟ್ಟಾಗಿದ್ದು ಯಾವತ್ತು? ಸರಿ. ನಾಳೆ ಹನ್ನೊಂದು ಇಪ್ಪತ್ತಕ್ಕೆ ಬನ್ನಿ, ಎಲ್ಲರ ಜೊತೆ ಕೂತ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ಕೆಮ್ಮು ಅನ್ನಿ. ಒಂದೆರಡು ಸಲ ಕೆಮ್ಮಿದ್ರೂ ತಪ್ಪಿಲ್ಲ.”

ಫೋನಿಡುವ ಮುನ್ನ ಇನ್ನೊಂದು ಮಾತು ಸೇರಿಸುತ್ತಾರೆ. “ಆಮೇಲೆ ಅಂಗಡೀಲಿ, ರಸ್ತೇಲಿ ನಾನು ಕಂಡ್ರೆ ಗುರುತು ಹಿಡೀಬೇಕಾಗಿಲ್ಲ. ನನಗೇನೂ ಬೇಜಾರಿಲ್ಲ.”

ಡಿಂಪ್ನಾಗೆ ಅರವತ್ತೊಂದು ವರ್ಷ. ಕ್ಲಿನಿಕ್ಕಿನ ಸ್ವಾಗತಕಾರಿಣಿಯಾಗಿ ಈ ಮೇಜಿನ ಹಿಂದೆ ಕೂತು ಇಪ್ಪತ್ತೇಳು ವರ್ಷವಾಯಿತು. ದಿನಕ್ಕೆ ಅರವತ್ತು ಕರೆಗಳು: ರಕ್ತದೊತ್ತಡ, ಮಕ್ಕಳ ಜ್ವರ, ಮಾತ್ರೆ ಚೀಟಿ. ಎರಡು ಸಾವಿರದ ಹದಿನೆಂಟರ ಮೇ ತಿಂಗಳಲ್ಲಿ ದೇಶದ ಜನ ಮತ ಹಾಕಿ ಗರ್ಭಪಾತದ ಮೇಲಿದ್ದ ನಿಷೇಧವನ್ನು ತೆಗೆದರು. ಮರುವರ್ಷದ ಜನವರಿಯಿಂದ ಸೇವೆ ಶುರುವಾಗಬೇಕಿತ್ತು. ಸುತ್ತಮುತ್ತಲಿನ ಐವರು ಡಾಕ್ಟರುಗಳಲ್ಲಿ ಒಪ್ಪಿದವರು ಇಲ್ಲಿನ ಡಾ. ಮುಲ್ರೂನಿ ಒಬ್ಬರೇ. ಗರ್ಭಪಾತ ಬೇಕಾದವರು ಕರೆ ಮಾಡುವ ಸರ್ಕಾರಿ ಸಹಾಯವಾಣಿಯ ಪಟ್ಟಿಯಲ್ಲಿ ಅವರ ಹೆಸರಿದೆ. ಫೋನು ಎತ್ತುವವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ನೀವು ಯಾವ ಕಡೆ ಮತ ಹಾಕಿದಿರಿ ಎಂದು ಕೇಳಿದರೆ ಡಿಂಪ್ನಾ ನಗುತ್ತಾರೆ. “ಅದು ನನಗೂ ಮತಚೀಟಿಗೆ ಗುರುತು ಹಾಕಿದ ಪೆನ್ಸಿಲ್ಲಿಗೂ ಬಿಟ್ಟ ವಿಷಯ. ಡಾಕ್ಟ್ರು ಕರೆದು, ಡಿಂಪ್ನಾ, ಇದು ಬೇಡ ಅನ್ನಿಸಿದ್ರೆ ಈಗ್ಲೇ ಹೇಳಿಬಿಡು ಅಂದ್ರು. ನಾನು ಯೋಚಿಸಿದೆ. ಇಷ್ಟು ವರ್ಷ ಹೆಂಗಸರು ಇದೇ ಫೋನಿಗೆ ಕರೆ ಮಾಡಿ, ಏನೂ ಹೇಳದೆ ಇಟ್ಟುಬಿಡ್ತಿದ್ರು. ಆಮೇಲೆ ಗರ್ಭ ತೆಗೆಸೋಕೆ ಒಬ್ಬೊಬ್ಬರೇ ಇಂಗ್ಲೆಂಡಿನ ಹಡಗು ಹತ್ತೋರು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ಊರು ಜಗಳವಾಡಲಿಲ್ಲ. ಹಾಗೇ ಸ್ವಲ್ಪ ದೂರ ಸರಿಯಿತು. ಭಾನುವಾರ ಚರ್ಚಿನ ಪೂಜೆಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಅಕ್ಕ ಅಟ್ರಾಕ್ಟಾ ಈಗ ಮೂರು ಬೆಂಚು ಮುಂದೆ ಕೂರುತ್ತಾರೆ. ಶನಿವಾರ ಸೋಡಾ ಬ್ರೆಡ್ ತಂದು ಕಾಂಪೌಂಡ್ ಗೋಡೆಯ ಮೇಲಿಡುವುದನ್ನು ಮಾತ್ರ ಬಿಟ್ಟಿಲ್ಲ.

“ಒಳಗೆ ಬಾರೇ ಅಕ್ಕಾ, ಟೀ ಇದೆ.”

“ನಿನಗೆ ತಂದಿದ್ದಲ್ಲ ಕಣೇ. ನಿನ್ನ ನಾಯಿಗೆ.”

“ನಾಯಿ ಸತ್ತು ಎರಡು ವರ್ಷ ಆಯ್ತು.”

“ಹಾಗಾದ್ರೆ ನೀನೇ ತಿನ್ನು,” ಎಂದು ಅಕ್ಕ ಕಾರು ಹತ್ತುತ್ತಾರೆ. ಡಿಂಪ್ನಾರ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕೇಳಿಸುವ ಸಂಭಾಷಣೆ ವಾರಕ್ಕೆ ಇಷ್ಟೇ.

ಮನೆಯಿಂದ ಕ್ಲಿನಿಕ್ಕಿಗೆ ಹನ್ನೊಂದು ಕಿಲೋಮೀಟರ್ ಕಿರಿದಾದ ರಸ್ತೆ. ಎದುರು ಸಿಕ್ಕವರು ಸ್ಟಿಯರಿಂಗ್ ಮೇಲಿಂದ ತೋರುಬೆರಳೊಂದನ್ನು ಎತ್ತುವುದು ಇಲ್ಲಿಯ ನಮಸ್ಕಾರ. ಪರಿಚಯವಿರಲಿ ಬಿಡಲಿ, ಎತ್ತಬೇಕು. ಮೊದಲು ಬೆಳಗ್ಗೆ ಹದಿನಾಲ್ಕು ಬೆರಳಾದರೂ ಏಳುತ್ತಿದ್ದವು. ಈಗ ಐದಾರು.

“ಎತ್ತದೇ ಇರೋರಲ್ಲಿ ಯಾರು ಸಿಟ್ಟಿನವರು, ಯಾರು ನಮ್ಮಲ್ಲಿಗೆ ಬಂದು ಹೋದವರು, ನನಗೆ ಗೊತ್ತಾಗಲ್ಲ. ಗುರುತು ಹಿಡೀಬೇಡಿ ಅಂದವಳು ನಾನೇ ತಾನೆ.”

ಆದರೆ ಅವರನ್ನು ಕಾಡುವುದು ಒಂದೇ ಒಂದು ಹಸಿರು ಕಾರು.

ಆರಂಭದಲ್ಲಿ ಗರ್ಭಪಾತಕ್ಕೆ ಬರುವ ಹೆಂಗಸರನ್ನು ಬೆಳಗ್ಗೆ ಏಳೂವರೆಗೆ, ಕ್ಲಿನಿಕ್ ತೆರೆಯುವ ಮೊದಲೇ, ಹಿಂಬಾಗಿಲಿನಿಂದ ಕರೆಸುತ್ತಿದ್ದರು. ಯಾರೂ ನೋಡದಿರಲಿ ಎಂದು ಆ ಏರ್ಪಾಡು ಮಾಡಿದವರು ಡಿಂಪ್ನಾ. ಆದರೆ ಇಲ್ಲಿ ಜನ ಮುಖಕ್ಕಿಂತ ಮೊದಲು ಕಾರನ್ನು ಗುರುತಿಸುತ್ತಾರೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಂತಿರುವ ಒಂಟಿ ಕಾರು ಗಂಟೆ ಹೊಡೆದು ಸಾರಿದ ಹಾಗೆ. ಸೇವೆ ಶುರುವಾದ ಆರನೇ ವಾರ ಹಾಲಿನ ಲಾರಿಯವನು ಹಸಿರು ಕಾರನ್ನು ಕಂಡ. ಮಧ್ಯಾಹ್ನ ಅಂಗಡಿಯಲ್ಲಿ ಕಾರಿನೊಡತಿಯ ಅತ್ತೆ ಸಿಕ್ಕಾಗ, “ನಿಮ್ಮ ಸೊಸೆ ಅಷ್ಟು ಹೊತ್ತಿಗೇ ಡಾಕ್ಟರ ಹತ್ರ ಬಂದಿದ್ದಳಲ್ಲ, ಹುಷಾರಾಗಿದ್ದಾಳಾ?” ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅತ್ತೆಗೆ ಅಷ್ಟು ಸಾಕಾಯಿತು.

ಮೊದಲ ಭೇಟಿಯ ನಂತರ ಮೂರು ದಿನ ಕಾಯಬೇಕೆಂಬುದು ಕಾನೂನು. ಆ ಮೂರು ದಿನ ಮನೆಯಲ್ಲಿ ಏನು ನಡೆಯಿತೋ ಹಸಿರು ಕಾರಿನಾಕೆ ಹೇಳಲಿಲ್ಲ. ಮತ್ತೆ ಬಂದರು. ಮಾತ್ರೆ ತೆಗೆದುಕೊಂಡು ಹೊರಡುವಾಗ ಡಿಂಪ್ನಾರ ಮೇಜಿನೆದುರು ನಿಂತರು.

“ಎಲ್ಲರ ಜೊತೆ ಕೂರಿಸಿದ್ದಿದ್ರೆ ನಾನು ಕೆಮ್ಮು ಅಂತಿದ್ದೆ,” ಎಂದರು. ಅಷ್ಟೇ.

ತಿಂಗಳೊಳಗೆ ಆಕೆಯ ಕಡತವನ್ನು ಬೇರೆ ಊರಿನ ಡಾಕ್ಟರಿಗೆ ಕಳಿಸಬೇಕೆಂಬ ಪತ್ರ ಬಂತು. ಲಕೋಟೆ ಅಂಟಿಸಿದವರು ಡಿಂಪ್ನಾ. ಅಂದಿನಿಂದ ಹಿಂಬಾಗಿಲಿಗೆ ಬೀಗ.

ಈಗ ಹನ್ನೊಂದು ಇಪ್ಪತ್ತಕ್ಕೆ ಕುರ್ಚಿಗಳೆಲ್ಲ ತುಂಬಿರುತ್ತವೆ. ಮಂಡಿನೋವಿನ ಮುದುಕ ಮಾರ್ಟಿ ಗೊಣಗುತ್ತಾನೆ. “ಡಿಂಪ್ನಾ, ಕೆಮ್ಮಿನವರನ್ನೆಲ್ಲ ನನಗಿಂತ ಮೊದಲು ಬಿಡ್ತೀಯಲ್ಲ. ನನ್ನ ಮಂಡಿ ಏನು ಪಾಪ ಮಾಡಿದೆ?”

“ನಿನ್ನ ಮಂಡಿ ಅಂಟುಜಾಡ್ಯ ಅಲ್ಲ ಮಾರ್ಟಿ. ನಿನ್ನ ಬಾಯಿ ಬೇಕಾದ್ರೆ ಹೌದು.”

ಕೋಣೆ ನಗುತ್ತದೆ. ಆ ನಗುವಿನ ನಡುವೆಯೇ ಮೂಲೆಯ ಕುರ್ಚಿಯಲ್ಲಿದ್ದವರು ಎದ್ದು ಒಳಗೆ ಹೋಗಿರುತ್ತಾರೆ. ಯಾರೂ ತಿರುಗಿ ನೋಡಿರುವುದಿಲ್ಲ.

ನಿವೃತ್ತಿಗೆ ಇನ್ನು ಕೆಲವೇ ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಡಿಂಪ್ನಾ ಹಸಿರು ಕಾರಿನಾಕೆಯ ಮಾತಿಗೇ ಮರಳುತ್ತಾರೆ. “ಕ್ಷಮೆ ಕೇಳೋಣ ಅಂದ್ರೆ, ನಾನು ಅವರ ಬಾಗಿಲಿಗೆ ಹೋಗೋದೇ ಇನ್ನೊಂದು ಸುದ್ದಿ ಆಗುತ್ತೆ. ಆ ರಸ್ತೇಲಿ ಒಂದು ದಿನ ಅವರು ಬೆರಳು ಎತ್ತಿದ್ರೆ ಸಾಕು.”

ಆಕೆ ಹಸಿರು ಕಾರನ್ನು ಮಾರಿದ ಸುದ್ದಿ ಡಿಂಪ್ನಾರ ಕಿವಿಗೆ ಬಿದ್ದಿದೆ. ಹೊಸದು ಯಾವ ಬಣ್ಣದ್ದೋ ತಿಳಿಯದು. ಹಾಗಾಗಿ ಡಿಂಪ್ನಾ ಈಗ ಎದುರು ಬರುವ ಪ್ರತಿ ಕಾರಿಗೂ ತಾವೇ ಮೊದಲು ಬೆರಳೆತ್ತುತ್ತಾರೆ. ಹಾಲಿನ ಲಾರಿಗೆ, ಅಕ್ಕನ ಕಾರಿಗೆ, ಪ್ರವಾಸಿಗರ ಬಾಡಿಗೆ ಕಾರಿಗೆ ಕೂಡ. “ಎಲ್ಲರಿಗೂ ಎತ್ತಿದ್ರೆ, ಯಾರಿಗೆ ಎತ್ತಿದ್ದು ಅಂತ ಯಾರಿಗೂ ಗೊತ್ತಾಗಲ್ಲ, ನೋಡಿ.”

ಕೆಲವರು ಮರಳಿ ಎತ್ತುತ್ತಾರೆ. ಬೆಳಗಿನ ಮಬ್ಬಿನಲ್ಲಿ, ಹೆಡ್‌ಲೈಟಿನ ಹಿಂದೆ, ಕಾಣುವುದು ಬೆರಳು ಮಾತ್ರ. ಅವರಲ್ಲಿ ಆಕೆ ಇದ್ದಾರೋ ಇಲ್ಲವೋ ಡಿಂಪ್ನಾಗೆ ತಿಳಿಯದು. ಇದನ್ನು ಬರೆದ ಕೈಗೂ ತಿಳಿಯದು.